ಬಿಸ್ಕತ್ತಿನ ಮನೆಯ ಹಿಂಗೋಡೆ

ಗುರುವಾರ ಅಂದಮೇಲೆ ಬಟಾಣಿ ಸೂಪು, ಅದರ ಹಿಂದೆ ಪ್ಯಾನ್‌ಕೇಕು. ಸ್ಟಫಾನ್ ಈ ಶಾಲೆಯಲ್ಲಿ ಕಲಿಯುವಾಗಲೂ ಅದೇ, ಅವನ ಅಪ್ಪ ಕಲಿಯುವಾಗಲೂ ಅದೇ ಇತ್ತಂತೆ. ಹೆಲ್‌ಬ್ರೂ ಪಟ್ಟಣದಲ್ಲಿ ಅಧಿಕಾರ ಯಾರದೇ ಬರಲಿ, ಗುರುವಾರದ ಸೂಪಿಗೆ ಕೈಹಾಕುವ ಧೈರ್ಯ ಯಾರಿಗೂ ಇಲ್ಲ. ಶಾಲೆಯ ಊಟದ ಹಾಲ್‌ನಲ್ಲಿ ಮಕ್ಕಳ ಸಾಲಿನ ಹಿಂದೆ ಖಾಲಿ ಬಟ್ಟಲು ಹಿಡಿದು ನಿಂತಿದ್ದ ಅವನಿಗೆ ಆ ಬೆಂದ ಬಟಾಣಿಯ ಬೆಚ್ಚಗಿನ ವಾಸನೆ ಇವತ್ತು ಮೂಗಿನಿಂದ ಕೆಳಗಿಳಿಯಲಿಲ್ಲ. ಕಿಟಕಿಯಾಚೆ ಜನವರಿಯ ಹಿಮ ಕಸದ ಹಾಗೆ ಬಿದ್ದಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಅವನು ಎದ್ದುನಿಂತು, ಇವತ್ತು ಊಟಕ್ಕೆ ಬಂದಿರುವ ಪಾಲಕರ, ನಗರಸಭೆಯವರ ಎದುರು ಮಾತಾಡಬೇಕು. ಶಾಲೆಯ ಅಡುಗೆಮನೆ ಮುಚ್ಚಿ ಪಕ್ಕದೂರಿನ ದೊಡ್ಡ ಅಡುಗೆಮನೆಯಿಂದ ವ್ಯಾನಿನಲ್ಲಿ ಊಟ ತರಿಸುತ್ತೇವೆ ಅಂತ ನಗರಸಭೆಯವರು ಹೊರಟಾಗ, ಪಾಲಕರನ್ನೆಲ್ಲ ಒಟ್ಟುಹಾಕಿ ಊಟದ ಬಳಗ ಅಂತ ಕಟ್ಟಿದವನು ಇವನೇ. ನದಿಯಾಚೆಯ ರೈತನ ಹತ್ತಿರ ಮಾತಾಡಿ ಮಣ್ಣು ಮೆತ್ತಿದ ಕ್ಯಾರೆಟ್ಟು ತರಿಸಿದವನು, ಶನಿವಾರ ಅಪ್ಪ ಅಮ್ಮಂದಿರನ್ನು ಸರದಿಯಲ್ಲಿ ಕೂರಿಸಿ ಅವನ್ನು ಹೆರೆಸಿದವನು, ಸಾಸೇಜಿನ ಜಾಗಕ್ಕೆ ಬೇಳೆ ಬಂದಾಗ ಮುಖ ಸಿಂಡರಿಸಿದ ಮಕ್ಕಳಿಗೆ ರುಚಿ ನೋಡುವ ಮೇಜು ಹಾಕಿಸಿದವನು. ಜನ ಅವನನ್ನು ಮೆಚ್ಚಿಕೊಂಡಿದ್ದರು. ಅವನೂ ತನ್ನನ್ನು ಮೆಚ್ಚಿಕೊಂಡಿದ್ದ, ನಿನ್ನೆ ಸಂಜೆಯವರೆಗೆ. ಈಗ ಮಾತ್ರ ಅವನ ಕಣ್ಣು ಬಾಗಿಲ ಮೇಲೆ. ಮಗಳ ಗೆಳತಿ ಲೋವಿಸಾಳ ಅಮ್ಮ ಪರ್ನಿಲ್ಲಾ ಬಾರದಿದ್ದರೆ ಸಾಕು ಅಂತ ಒಂದು ಮನಸ್ಸು, ಬಂದು ಎಲ್ಲರ ಎದುರು ಎರಡು ಮಾತು ಅಂದುಬಿಟ್ಟರೆ ಹಗುರಾಗುತ್ತದೆ ಅಂತ ಇನ್ನೊಂದು.

ಮುಂದೆ ಸಾಲಿನಲ್ಲಿ ಲೋವಿಸಾ ಇದ್ದಳು, ಅವನ ಮಗಳು ಸಿಗ್ನೆಯ ಪಕ್ಕ. ಇಬ್ಬರೂ ನಾಲ್ಕನೇ ಕ್ಲಾಸು, ಇಬ್ಬರದೂ ಒಂದೇ ಬಣ್ಣದ ಕೂದಲ ಬ್ಯಾಂಡು. ಅಡುಗೆಯ ಮೈಬ್ರಿಟ್ ಲೋವಿಸಾಳ ಬಟ್ಟಲಿಗೆ ಕೇಳದೆಯೇ ಎರಡನೆಯ ಸೌಟು ಹಾಕಿದಳು. ಇದನ್ನು ಅವನು ಎಷ್ಟೋ ಸಲ ನೋಡಿದ್ದ. ನೋಡಿ, ಮೈಬ್ರಿಟ್ ಎಷ್ಟು ಅಕ್ಕರೆಯವಳು ಅಂದುಕೊಂಡಿದ್ದ, ಅಷ್ಟೇ. ಕಣ್ಣಿದ್ದೂ ಕುರುಡನಾಗುವುದು ಅಂದರೆ ಇದೇ ಇರಬೇಕು. ಸೋಮವಾರ ಮಕ್ಕಳು ಜಾಸ್ತಿ ತಿನ್ನುತ್ತಾರೆ, ಶನಿವಾರ ಭಾನುವಾರ ಹೊಟ್ಟೆ ತುಂಬದ ಮಕ್ಕಳು ನಮ್ಮಲ್ಲೂ ಇದ್ದಾರೆ, ಅದಕ್ಕೇ ನಾನು ಸೋಮವಾರ ಜಾಸ್ತಿ ಆಲೂಗಡ್ಡೆ ಬೇಯಿಸೋದು ಅಂತ ಅವಳು ಒಮ್ಮೆ ಹೇಳಿದ್ದಳು. ಸ್ಟಫಾನ್‌ಗೆ ಆ ಮಾತು ಬಹಳ ಹಿಡಿಸಿತ್ತು. ಭಾಷಣದ ನಟ್ಟನಡುವೆ ಇಟ್ಟುಕೊಂಡಿದ್ದ. ನಿನ್ನೆ ಅಡುಗೆಮನೆಯ ಮೇಜಿನ ಮುಂದೆ ಕೂತು, ಫೋರ್ಕಿನ ತುದಿಯಲ್ಲಿ ಮೀನಿನ ತುಂಡು ಎತ್ತಿ ಹಿಡಿದುಕೊಂಡೇ, ಹೆಂಡತಿ ಆನೆಲಿಗೆ ಅದನ್ನು ಅಂದು ತೋರಿಸಿದ್ದ. "ಕೇಳು, ಇಲ್ಲಿ ಸ್ವಲ್ಪ ನಿಲ್ಲಿಸ್ತೀನಿ. ಆಮೇಲೆ ಹೇಳ್ತೀನಿ. ಸೋಮವಾರ ನಮ್ಮ ಅಡುಗೆಮನೆಯಲ್ಲಿ ಹೆಚ್ಚು ಆಲೂಗಡ್ಡೆ ಬೇಯುತ್ತದೆ. ಯಾಕೆ ಅಂತ ವ್ಯಾನಿನ ಡ್ರೈವರಿಗೆ ಗೊತ್ತಾಗೋದಿಲ್ಲ. ನಮ್ಮೂರಿನ ಒಂದೇ ಒಂದು ಮಗುವೂ ಇನ್ನೊಬ್ಬರು ಉಣ್ಣೋದನ್ನ ನೋಡ್ತಾ ಕೂರಬಾರದು. ಹೇಗಿದೆ?" ಆನೆಲಿ ಚೆನ್ನಾಗಿದೆ ಅಂದಳು. ಸಿಗ್ನೆ ಆಲೂಗಡ್ಡೆಗೆ ಬೆಣ್ಣೆ ಮೆತ್ತುತ್ತಿದ್ದಳು. ಅವಳ ರೂಮಿನ ಬಾಗಿಲು ಅರ್ಧ ತೆರೆದಿತ್ತು. ಆ ರೂಮಿನಲ್ಲಿ ಲೋವಿಸಾ ಇದ್ದಳು.

ಇದ್ದಳು ಅಂದರೆ, ಎಲ್ಲ ಮಕ್ಕಳೂ ಇರುವ ಹಾಗೆ ಇದ್ದಳು. ಆಟಕ್ಕೆ ಬಂದ ಮಗು, ಮನೆಯವರು ಊಟಕ್ಕೆ ಕೂತಾಗ ರೂಮಿನಲ್ಲಿ ಕಾಯುವುದು, ಇವರು ಎದ್ದಮೇಲೆ ಮತ್ತೆ ಆಟ. ಸ್ಟಫಾನ್ ಬಾಗಿಲಲ್ಲಿ ತಲೆಹಾಕಿ ಹೇಳಿದ್ದ: "ಸಿಗ್ನೆ, ಊಟ. ಲೋವಿಸಾ, ನೀನು ಇಲ್ಲೇ ಆಡ್ತಾ ಇರು. ಹತ್ತು ನಿಮಿಷ ಅಷ್ಟೆ." ಅವಳು "ಆಯ್ತು" ಅಂದಿದ್ದಳು. ಅದನ್ನು ಹೇಳುವಾಗ ಅವನ ಎದೆಯಲ್ಲಿ ಒಂದು ಎಳೆಯೂ ಅಲುಗಿರಲಿಲ್ಲ. ಯಾಕೆ ಅಲುಗಬೇಕು? ಅವನೂ ಹಾಗೇ ಕೂತು ಬೆಳೆದವನು. ಪಕ್ಕದ ಮನೆಯ ಯೊರ್ಗೆನ್‌ನ ಮಂಚದ ಮೇಲೆ ಬೋರಲಾಗಿ ಬಿದ್ದುಕೊಂಡು ಚಿತ್ರಕಥೆ ಓದುತ್ತಿದ್ದ, ಗೋಡೆಯಾಚೆ ಚಾಕು ತಟ್ಟೆಗೆ ತಗಲುವ ಸದ್ದು, ಮಾಂಸದುಂಡೆ ಹುರಿದ ಬೆಣ್ಣೆಯ ವಾಸನೆ, ಯೊರ್ಗೆನ್‌ನ ಅಪ್ಪ ಕೆಮ್ಮುವುದು. ಅವರು ಊಟಕ್ಕೆ ಕರೆದರೆ ಸ್ಟಫಾನ್‌ನ ಅಮ್ಮನಿಗೇ ಅವಮಾನವಾಗುತ್ತಿತ್ತು. "ನಮ್ಮನೇಲಿ ಅನ್ನ ಇಲ್ವಾ? ಇನ್ನೊಬ್ಬರ ಮನೇಲಿ ಉಂಡು ಋಣ ಹೊತ್ಕೊಂಡು ಬರಬೇಡ," ಅನ್ನುತ್ತಿದ್ದಳು. ಮರ್ಯಾದಸ್ಥರು ಇನ್ನೊಬ್ಬರ ಮಗುವಿಗೆ ಉಣಿಸಿ ಅದರ ತಾಯಿಯನ್ನು ಚಿಕ್ಕವಳು ಮಾಡುವುದಿಲ್ಲ. ಆದರೆ ಅವನು ಯೊರ್ಗೆನ್‌ನ ಮನೆಯಿಂದ ಓಡಿ ಬರುವಾಗ ಅವನ ಅಮ್ಮ ಒಲೆಯ ಮುಂದೆ ಇರುತ್ತಿದ್ದಳು. ಆ ಓಟ, ಕೈಗವಸು ಒಂದು ಎಲ್ಲೋ ಬಿದ್ದು, ಬಾಗಿಲು ತಳ್ಳಿದಾಗ ಮುಖಕ್ಕೆ ಬಡಿಯುತ್ತಿದ್ದ ಹಬೆ, ಇದೆಲ್ಲ ಆ ಕಾಯುವಿಕೆಯೊಳಗೇ ಸೇರಿತ್ತು. ಲೋವಿಸಾಳ ಹಾಗೆ, ಓಡಿಹೋದರೆ ಕತ್ತಲೆಯ ಮನೆ, ಕೊರಳಲ್ಲಿ ಬೀಗದಕೈ, ಅಮ್ಮನಿಗೆ ವೃದ್ಧಾಶ್ರಮದ ಕೆಲಸದಲ್ಲಿ ಸಂಜೆಪಾಳಿ ಅಂತಿದ್ದರೆ ಆ ಕಾಯುವಿಕೆಗೆ ಏನು ಹೆಸರು ಅಂತ ಅವನು ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಊಟವಾಗಿ, ಮಕ್ಕಳ ಆಟವೂ ಮುಗಿದು, ಲೋವಿಸಾ ಥ್ಯಾಂಕ್ಸ್ ಹೇಳಿ ಬೂಟು ಹಾಕಿಕೊಂಡು ಹೊರಟ ಮೇಲೆ ಅವನು ಸಿಗ್ನೆಯ ರೂಮಿನ ಕಿಟಕಿಯ ಪರದೆ ಎಳೆಯಲು ಹೋದ. ಕಿಟಕಿಕಟ್ಟೆಯ ಮೇಲೆ ಕ್ರಿಸ್‌ಮಸ್‌ಗೆ ಕಟ್ಟಿದ ಶುಂಠಿ ಬಿಸ್ಕತ್ತಿನ ಮನೆ ಇತ್ತು. ಸಕ್ಕರೆಪಾಕದ ಅಂಟು, ಬಿಳಿ ಐಸಿಂಗಿನ ಹಿಮ, ಬಾಗಿಲಿಗೊಂದು ಕೆಂಪು ಮಿಠಾಯಿ; ಈ ಶನಿವಾರ, ಕ್ರಿಸ್‌ಮಸ್ ಕಾಲ ಮುಗಿಯುವ ಕ್ನೂಟನ ಹಬ್ಬದ ದಿನ ಅದನ್ನು ಗುದ್ದಿ ಒಡೆದು ತಿನ್ನುವುದು, ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ. ಎದುರಿನಿಂದ ಎಲ್ಲ ಸರಿಯಾಗಿತ್ತು. ಪರದೆಗೆ ಅಡ್ಡ ಬಂತೆಂದು ತುಸು ತಿರುಗಿಸಿದ. ಹಿಂದಿನ ಗೋಡೆಯೇ ಇರಲಿಲ್ಲ. ಕಿಟಕಿಯ ಕಡೆಗಿದ್ದ, ಯಾರಿಗೂ ಕಾಣದ ಗೋಡೆಯನ್ನು ಮಾತ್ರ, ಸೂರು ಕುಸಿಯದ ಹಾಗೆ, ಮೂಲೆಗಳನ್ನು ಬಿಟ್ಟು, ಸಣ್ಣ ಹಲ್ಲುಗಳು ಮುತುವರ್ಜಿಯಿಂದ ಕಡಿದುಕೊಂಡಿದ್ದವು. ಮಿಠಾಯಿ ಒಂದನ್ನೂ ಮುಟ್ಟಿರಲಿಲ್ಲ. ಮೊದಲು ಇಲಿ ಅಂದುಕೊಂಡ. ಆಮೇಲೆ ಸಿಗ್ನೆಯನ್ನು ಕೇಳಿದ, ಅವಳು ಅಳುವುದಕ್ಕೆ ಶುರುಮಾಡಿದಳು, ನಾನಲ್ಲ ಅಂದಳು. ಆಗ ಅವನಿಗೆ ಬಂದದ್ದು, ನೆನೆಸಿಕೊಂಡರೆ ಈಗಲೂ ಮೈ ಹಿಡಿಯಷ್ಟಾಗುತ್ತದೆ, ಸಿಟ್ಟೂ ಅಲ್ಲ, ಮರುಕವೂ ಅಲ್ಲ, ಜವಾಬ್ದಾರಿ. ಆರೋಗ್ಯದ ಬಗ್ಗೆ ತಿಳಿದವನ ಜವಾಬ್ದಾರಿ. ತಿಂಗಳಾಚೆಯ ಬಿಸ್ಕತ್ತು, ಧೂಳು ಕೂತದ್ದು. ಫೋನು ತೆಗೆದ.

"ಪರ್ನಿಲ್ಲಾ, ನಾನು ಸ್ಟಫಾನ್, ಸಿಗ್ನೆ ಅಪ್ಪ. ದೊಡ್ಡ ವಿಷಯ ಏನಲ್ಲ."

"ಏನಾಯ್ತು? ಲೋವಿಸಾ ಏನಾದ್ರೂ ಮಾಡಿದಳಾ?"

"ಹಾಗೇನಿಲ್ಲ. ನಮ್ಮ ಬಿಸ್ಕತ್ತಿನ ಮನೆ ಇತ್ತಲ್ಲ, ಅದರದೊಂದು ಗೋಡೆ ತಿಂದುಬಿಟ್ಟಿದಾಳೆ. ತಿಂದಿದ್ದಕ್ಕೆ ಹೇಳ್ತಿಲ್ಲ ನಾನು. ಹಳೇದು ಅದು, ಹೊಟ್ಟೆ ಕೆಟ್ಟೀತು. ನಿನಗೆ ಗೊತ್ತಿರಲಿ ಅಂತ."

ಆ ಕಡೆ ಯಾರೋ ಮುದುಕರು ಕರೆಗಂಟೆ ಒತ್ತುತ್ತಿದ್ದರು. ಅದು ಬಡಿದುಕೊಂಡು ನಿಂತಿತು.

"ಮನೆ ಮುಟ್ಟಿದ ತಕ್ಷಣ ಫೋನ್ ಮಾಡಿದ್ದಳು," ಅಂದಳು ಪರ್ನಿಲ್ಲಾ. "ಊಟ ಏನ್ಮಾಡ್ತೀಯ, ಬ್ರೆಡ್ ಇದೆ ನೋಡು ಅಂದೆ. ಸಿಗ್ನೆ ಮನೇಲಿ ಊಟ ಆಯ್ತು ಅಂದಳು. ಮೀನು ಮಾಡಿದ್ರಂತೆ, ಸಬ್ಬಸಿಗೆ ಸಾಸು ಮಾಡಿದ್ರಂತೆ, ಆಲೂಗಡ್ಡೆಗೆ ಬೆಣ್ಣೆಯಂತೆ. ಎಲ್ಲಾ ಹೇಳಿದಳು."

ಸ್ಟಫಾನ್ ಬಿಸ್ಕತ್ತಿನ ಮನೆಯನ್ನು ಮೊದಲಿನ ಹಾಗೆ ತಿರುಗಿಸಿಟ್ಟ.

"ನೀನು ಕರೀತೀಯ ಅಂತ ನಾನೇನೂ ಅಂದುಕೊಂಡಿರಲಿಲ್ಲ. ಆದ್ರೆ ಅವಳು ಹಾಗಂದಾಗ ನನಗೆ ಸಂತೋಷ ಆಯ್ತು. ಇರಲಿ ಬಿಡು. ಗೋಡೆ ಅಂದೆಯಲ್ಲ, ಹೊಸದು ತಂದುಕೊಡ್ತೀನಿ."

"ಅಯ್ಯೋ, ಬೇಡ, ಅದಕ್ಕಲ್ಲ ನಾನು..."

"ಇಲ್ಲ, ತಂದುಕೊಡ್ತೀನಿ."

ಅಡುಗೆಮನೆಗೆ ಬಂದಾಗ ಆನೆಲಿ ತಟ್ಟೆ ತೊಳೆಯುತ್ತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. "ಫೋನ್ ಯಾಕೆ ಮಾಡಿದೆ?" ಅಂದಳು. ಹೊಟ್ಟೆ ಕೆಟ್ಟೀತು ಅಂತ, ಅಂದ. "ಯಾರ ಹೊಟ್ಟೆ?" ಅಂದಳು, ತಿರುಗದೆ. ಅವಳು ಬಡಗಣ ಕಾಡಿನ ಕಡೆಯವಳು. ಅಲ್ಲಿ ಬಾಗಿಲು ದಾಟಿ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಿದರೆ ಊರೆಲ್ಲ ಆಡಿಕೊಳ್ಳುತ್ತದಂತೆ. ಮದುವೆಯಾದ ಹೊಸದರಲ್ಲಿ ಇದಕ್ಕಾಗಿ ಇಬ್ಬರೂ ಜಗಳಾಡಿದ್ದರು, ನಿಮ್ಮವರ ಎದೆ ಹಿಮಗಟ್ಟಿದೆ ಅಂತ ಅವಳು, ನಿಮ್ಮವರಿಗೆ ಇನ್ನೊಬ್ಬರ ಹಂಗಿನ ಭಾರ ಗೊತ್ತಿಲ್ಲ ಅಂತ ಇವನು. ನಿನ್ನೆ ಅವನು ಆ ಹಳೆಯ ಬೈಗುಳಕ್ಕಾಗಿ ಕಾದು ನಿಂತ. ಅವಳು ಕೈ ಒರೆಸಿಕೊಂಡು, "ನಾನೂ ಕೂತಿದ್ದೆನಲ್ಲ ಆ ಟೇಬಲಿಗೆ," ಅಂದಳು. ಬೈದಿದ್ದರೆ ವಾಸಿಯಾಗಿತ್ತು.

"ಸ್ಟಫಾನ್, ಸೂಪಿಗೆ ಸಾಸಿವೆ ಹಾಕ್ಕೊಳ್ಳೋದಿಲ್ವಾ?" ಅಂತ ಮೈಬ್ರಿಟ್ ಕೇಳಿದಾಗ ಬಟ್ಟಲು ತುಂಬಿಯಾಗಿತ್ತು. ಒಯ್ದು ಮೇಜಿನ ಮೇಲೆ ಇಟ್ಟ. ಎದುರಿಗೆ ನಗರಸಭೆಯ ಯೋರಾನ್, ದುಂಡುಮುಖದ, ನಗುವುದನ್ನು ಕಲಿತ ಮನುಷ್ಯ, ಆಗಲೇ ಎರಡನೆಯ ಪ್ಯಾನ್‌ಕೇಕಿಗೆ ಜ್ಯಾಮ್ ಸವರುತ್ತಿದ್ದ. "ನಿನ್ನ ಕ್ಯಾರೆಟ್ಟಿನ ಸುದ್ದಿ ನಮ್ಮ ಆಫೀಸಿಗೂ ಬಂದಿದೆ ಕಣಪ್ಪ," ಅಂದ. ಈ ದೇಶದಲ್ಲಿ ಯಾರೂ ಯಾರನ್ನೂ ನೀವು ಅನ್ನುವುದಿಲ್ಲ, ಮಂತ್ರಿಗೂ ನೀನು, ಕಸ ಗುಡಿಸುವವನಿಗೂ ನೀನು. ಎಲ್ಲರೂ ಸಮ ಅನ್ನುವುದನ್ನು ನಾಲಿಗೆಯಲ್ಲೇ ಮುಗಿಸಿಬಿಟ್ಟಿದ್ದೇವಲ್ಲ ಅಂತ ಸ್ಟಫಾನ್‌ಗೆ ಯಾವತ್ತೂ ಹೊಳೆಯದ ಕಹಿ ಇವತ್ತು ಹೊಳೆಯಿತು. ಅಷ್ಟರಲ್ಲಿ ಪರ್ನಿಲ್ಲಾ ಬಂದಳು. ಕೆಲಸದ ನೀಲಿ ಅಂಗಿಯ ಮೇಲೆ ಕೋಟು ಹಾಕಿದ್ದಳು. ಕೈಯಲ್ಲಿ ಅಂಗಡಿಯ ಪ್ಲಾಸ್ಟಿಕ್ ಚೀಲ. ಅವಳು ನೇರ ಅವನ ಮೇಜಿಗೆ ಬರುತ್ತಿರುವುದು ಕಂಡು ಅವನಿಗೆ ಎದ್ದು ಅಡುಗೆಮನೆಯೊಳಗೆ ಹೋಗಿಬಿಡಬೇಕು ಅನ್ನಿಸಿತು. ಹೋಗಲಿಲ್ಲ. ಧೈರ್ಯದಿಂದಲ್ಲ, ಯೋರಾನ್ ನೋಡುತ್ತಿದ್ದನಲ್ಲ ಅಂತ.

"ತಗೋ," ಅಂದಳು ಚೀಲ ಚಾಚಿ. ಒಳಗೆ ಬಿಸ್ಕತ್ತಿನ ಮನೆ ಕಟ್ಟುವ ಡಬ್ಬಿ ಇತ್ತು, ಹಬ್ಬ ಕಳೆದ ಮೇಲೆ ಅಂಗಡಿಯವರು ಮೂಲೆಗೆ ತಳ್ಳುವಂಥದು. "ನಾಲ್ಕೂ ಗೋಡೆ ಇದೆ."

"ಪರ್ನಿಲ್ಲಾ, ಇದು ಬೇಕಾಗಿರಲಿಲ್ಲ. ನಿನ್ನೆ ನಾನು..."

"ಒಂದು ಮಾತು ಕೇಳಬೇಕಿತ್ತು," ಅಂದಳು ಅವಳು ದನಿ ತಗ್ಗಿಸಿ, ಮತ್ತು ಈಗ ಅವಳ ಮುಖ ಕೆಂಪಾಯಿತು, ಅವಳ ಮುಖ. "ಇವತ್ತೂ ಸಂಜೆಪಾಳಿ ಬಿದ್ದಿದೆ. ಸ್ವಲ್ಪ ಹೊತ್ತು ಅವಳು ನಿಮ್ಮನೇಲಿ ಇರಬಹುದಾ? ಒಬ್ಬಳೇ ಕತ್ತಲೇಲಿ ಕೂರ್ತಾಳೆ ಅಂತ. ಊಟ ಕಟ್ಟಿಕೊಟ್ಟಿದೀನಿ. ಏನೂ ಮುಟ್ಟಬೇಡ ಅಂತಾನೂ ಹೇಳಿದೀನಿ."

ಅವನು ಖಂಡಿತ ಅಂದ. ಖಂಡಿತ, ಖಂಡಿತ, ಅದಕ್ಕೇನಂತೆ, ಅಂತ ಒಂದೇ ಮಾತನ್ನು ಮೂರು ರೀತಿ ಅಂದ. ಮುಟ್ಟಬೇಡ ಅಂತ ಹೇಳಿದೀನಿ ಅನ್ನುವುದು ಕಿವಿಯಲ್ಲಿ ಕೂತುಬಿಟ್ಟಿತು. ತಪ್ಪು ಮಾಡಿದವನು ನಾನು, ತಲೆ ತಗ್ಗಿಸಿಕೊಂಡು ನಿಂತವಳು ಅವಳು, ಅವಮಾನವನ್ನೂ ಅವಳ ಕೈಯಲ್ಲೇ ಹೊರಿಸಿದೆನಲ್ಲ ಅಂದುಕೊಂಡ. ಯೋರಾನ್ ಚೀಲದೊಳಗೆ ಇಣುಕಿ, "ಓಹೋ, ಇನ್ನೂ ಕ್ರಿಸ್‌ಮಸ್ ಮುಗಿದಿಲ್ವಾ ನಿಮಗೆ?" ಅಂದ. ಇಬ್ಬರೂ ನಕ್ಕರು, ಪರ್ನಿಲ್ಲಾ, ಸ್ಟಫಾನ್, ಒಟ್ಟಿಗೆ, ಮರ್ಯಾದಸ್ಥರ ನಗು.

ಆಮೇಲೆ ಅವನು ಮಾತಾಡಿದ. ಎದ್ದುನಿಂತಾಗ ಎಲ್ಲ ಮರೆತುಹೋಗಲಿ ಅಂತ ಆಸೆಪಟ್ಟಿದ್ದ, ಒಂದಕ್ಷರವೂ ಮರೆಯಲಿಲ್ಲ. ನದಿಯಾಚೆಯ ರೈತ, ಸರದಿಯ ಅಪ್ಪ ಅಮ್ಮಂದಿರು, ಬೇಳೆ, ರುಚಿ ನೋಡುವ ಮೇಜು, ಎಲ್ಲ ಸಾಲಾಗಿ ಬಂದವು. ಆಲೂಗಡ್ಡೆಯ ಮಾತು ಹತ್ತಿರ ಬಂದಾಗ ಅದನ್ನು ಹಾರಿಸಿಬಿಡಬೇಕು ಅಂದುಕೊಂಡ. ಹಾರಿಸಿದರೆ ಅಡುಗೆಮನೆ ಹೋಗುತ್ತದೆ, ಹೋದರೆ ಆ ಎರಡನೆಯ ಸೌಟೂ ಹೋಗುತ್ತದೆ, ಆದ್ದರಿಂದ ಹೇಳಲೇಬೇಕು ಅಂತ ಇನ್ನೊಂದು ಮನಸ್ಸು ಲಾಯರನ ಹಾಗೆ ವಾದಿಸಿತು. ಆ ವಾದ ನಿಜವೂ ಆಗಿತ್ತು, ಅದೇ ಕಷ್ಟ. "ಸೋಮವಾರ ನಮ್ಮ ಅಡುಗೆಮನೆಯಲ್ಲಿ ಹೆಚ್ಚು ಆಲೂಗಡ್ಡೆ ಬೇಯುತ್ತದೆ," ಅಂದ. ಅಭ್ಯಾಸ ಮಾಡಿದಲ್ಲೇ ನಿಲ್ಲಿಸಿದ. ನಿಲ್ಲಿಸಿದಾಗ ಹಾಲ್‌ನಲ್ಲಿ ಚಮಚಗಳ ಸದ್ದು ಅಡಗಿತು. "ನಮ್ಮೂರಿನ ಒಂದೇ ಒಂದು ಮಗುವೂ ಇನ್ನೊಬ್ಬರು ಉಣ್ಣೋದನ್ನ ನೋಡ್ತಾ ಕೂರಬಾರದು." ಈ ಮಾತು ಮುಗಿಸುವಾಗ ಕಣ್ಣು ಎಲ್ಲಿಡಬೇಕೋ ತಿಳಿಯದೆ ಮೇಲೆ ದೀಪದ ಕಡೆ ನೋಡಿದ. ದನಿ ನಡುಗಿತು. ಜನಕ್ಕೆ ಆ ನಡುಕ ಇಷ್ಟವಾಯಿತು, ಚಪ್ಪಾಳೆ ಹೊಡೆದರು.

ಯೋರಾನ್ ಬಾಯಿ ಒರೆಸಿಕೊಂಡು ಎದ್ದ. ದೊಡ್ಡವರ ಮಾತಾಯಿತು, ಈಗ ಉಣ್ಣುವವರನ್ನು ಕೇಳೋಣ ಅಂದ. ಮಕ್ಕಳ ಮೇಜಿಗೆ ಬಾಗಿ, ಯಾರು ಹೇಳ್ತೀರಿ, ನಿಮ್ಮ ಶಾಲೆ ಊಟದಲ್ಲಿ ನಿಮಗೆ ಏನಿಷ್ಟ ಅಂತ ಕೇಳಿದ. ಒಬ್ಬ ಪ್ಯಾನ್‌ಕೇಕ್ ಅಂದ, ಎಲ್ಲರೂ ನಕ್ಕರು. ಲೋವಿಸಾ ಕೈಯೆತ್ತಿದಳು.

"ಇಲ್ಲಿ ಎಲ್ಲರೂ ಒಂದೇ ಹೊತ್ತಿಗೆ ಊಟ ಮಾಡ್ತೀವಿ," ಅಂದಳು. "ಯಾರೂ ರೂಮಲ್ಲಿ ಕಾಯೋದಿಲ್ಲ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಕೇಳಿದ್ದಕ್ಕೆ ಯೋಚಿಸಿ ಉತ್ತರ ಕೊಟ್ಟಿದ್ದಳು, ಅಷ್ಟೇ. ಕೊಟ್ಟು, ಸರಿಹೋಯಿತಾ ಅಂತ ಸ್ಟಫಾನ್‌ನ ಕಡೆ ನೋಡಿದಳು. ಅವನಿಗೆ ಸಹಾಯ ಮಾಡಿದ್ದಳು ಅವಳು. ಮೊದಲಿಗಿಂತ ದೊಡ್ಡ ಚಪ್ಪಾಳೆ ಬಿತ್ತು. ಸುದ್ದಿಗೆ ಬಂದಿದ್ದ ಪೇಪರಿನ ಹುಡುಗಿ ಬರೆದುಕೊಂಡಳು. ಯೋರಾನ್ ಎದೆಯ ಮೇಲೆ ಕೈಯಿಟ್ಟುಕೊಂಡ. ಇದಾದ ಮೇಲೆ ಅವನು ಅಡುಗೆಮನೆ ಮುಚ್ಚಲಾರ ಅನ್ನುವುದು ಎಲ್ಲರಿಗೂ ಗೊತ್ತಾಯಿತು. ಪರ್ನಿಲ್ಲಾ ಚಪ್ಪಾಳೆ ಹೊಡೆಯಲಿಲ್ಲ. ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು. ಮತ್ತು ಸ್ಟಫಾನ್, ಭೂಮಿ ಬಾಯಿಬಿಟ್ಟು ನುಂಗಬಾರದೇ ಅಂದುಕೊಳ್ಳುತ್ತಿದ್ದ ಆ ಹೊತ್ತಿನಲ್ಲೇ, ತನ್ನ ತಲೆಯ ಯಾವುದೋ ಮೂಲೆ ಗೆದ್ದೆವು ಅಂತ ಲೆಕ್ಕ ಹಾಕಿದ್ದನ್ನು ಕಂಡುಕೊಂಡ. ಮಗು ಕಾದದ್ದೂ ಉಪಯೋಗಕ್ಕೆ ಬಂತು. ಪಾಲಕರು ಬೆನ್ನು ತಟ್ಟಿದರು. ಮೈಬ್ರಿಟ್ ಅವನ ಬಟ್ಟಲು ಎತ್ತಿಕೊಂಡು ಹೋಗುವಾಗ, "ನೀನೇ ತಿಂದಿಲ್ಲವಲ್ಲೋ," ಅಂದಳು.

ಸಂಜೆ ಅವನೇ ಅಡುಗೆ ಮಾಡಿದ. ಮಾಂಸದುಂಡೆ, ಆಲೂಗಡ್ಡೆ, ಲಿಂಗನ್ ಹಣ್ಣಿನ ಗೊಜ್ಜು, ನದಿಯಾಚೆಯ ಕ್ಯಾರೆಟ್ಟು. ಬೆಣ್ಣೆಯ ವಾಸನೆ ಮನೆಯೆಲ್ಲ ತುಂಬಿಕೊಂಡಿತು, ಅಂಥ ವಾಸನೆ ಗೋಡೆಯಾಚೆಗೂ ಹೋಗುತ್ತದೆ ಅಂತ ಅವನಿಗೆ ಗೊತ್ತಿರಬೇಕಾದ ವಿಷಯ. ಮೇಜಿಗೆ ನಾಲ್ಕು ತಟ್ಟೆ ಇಟ್ಟ. ನಾಲ್ಕನೆಯದು ಹಬ್ಬಕ್ಕೆ ತೆಗೆಯುವ ತಟ್ಟೆ. ಇಟ್ಟು, ಅತಿಯಾಯಿತು ಅನ್ನಿಸಿ, ಎತ್ತಿ, ದಿನಬಳಕೆಯದನ್ನು ಇಟ್ಟ. ಆನೆಲಿ ನೋಡುತ್ತಿದ್ದಳು. ಸಿಗ್ನೆಯ ರೂಮಿನ ಬಾಗಿಲ ತನಕ ಹೋಗುವುದು ಮಧ್ಯಾಹ್ನ ಭಾಷಣಕ್ಕೆ ಎದ್ದದ್ದಕ್ಕಿಂತ ಕಷ್ಟವಾಯಿತು. ಏನಂತ ಕರೆಯುವುದು? ಇಷ್ಟು ವರ್ಷ ಆ ಬಾಗಿಲಲ್ಲಿ ನಿಂತು ಎಷ್ಟು ಮಕ್ಕಳಿಗೆ ಇಲ್ಲೇ ಇರು ಅಂದಿದ್ದನೋ, ಬಾ ಅನ್ನುವುದಕ್ಕೆ ನಾಲಿಗೆ ಪಳಗಿರಲಿಲ್ಲ. ಮಕ್ಕಳಿಬ್ಬರೂ ನೆಲದ ಮೇಲೆ ಬಣ್ಣ ಹಚ್ಚುತ್ತ ಕೂತಿದ್ದರು. ಕಿಟಕಿಕಟ್ಟೆಯ ಮೇಲೆ ಬಿಸ್ಕತ್ತಿನ ಮನೆ ಮುಂಗೋಡೆ ತೋರಿಸಿಕೊಂಡು ನಿಂತಿತ್ತು. ಲೋವಿಸಾ ಅದಕ್ಕೆ ಬೆನ್ನು ಮಾಡಿ, ಎಷ್ಟು ದೂರ ಆಗುತ್ತದೋ ಅಷ್ಟು ದೂರ ಕೂತಿದ್ದಳು.

"ಊಟಕ್ಕೆ ಬನ್ನಿ," ಅಂದ. "ಲೋವಿಸಾ, ನೀನೂ ಬಾ. ನಿನಗೂ ತಟ್ಟೆ ಹಾಕಿದೀನಿ."

ಅವಳು ಅವನ ಮುಖ ನೋಡಿದಳು. ಮಗುವಿನ ಮುಖದಲ್ಲಿ ಅಷ್ಟು ವಿನಯ ಇರಬಾರದು.

"ಥ್ಯಾಂಕ್ಸ್ ಸ್ಟಫಾನ್, ಬೇಡ. ಅಮ್ಮ ಕಟ್ಟಿಕೊಟ್ಟಿದಾಳೆ."

"ಅದು ನಾಳೆಗಿರಲಿ. ಬಿಸಿ ಇದೆ, ಮಾಂಸದುಂಡೆ ಮಾಡಿದೀನಿ. ನೋಡು, ನಿನ್ನೆ ನಾನು ತಪ್ಪು..."

"ಪರವಾಗಿಲ್ಲ," ಅಂದಳು ಅವಳು ಬೇಗಬೇಗ, ಅವನನ್ನು ಆ ಮಾತಿನಿಂದ ಪಾರುಮಾಡುವವಳ ಹಾಗೆ. "ನೀವು ಊಟ ಮಾಡಿ. ನಾನು ಇಲ್ಲೇ ಇರ್ತೀನಿ. ಹತ್ತು ನಿಮಿಷ ಅಷ್ಟೆ ಅಲ್ವಾ?"

ಬ್ಯಾಗಿನಿಂದ ಡಬ್ಬಿ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಅವಳ ಅಮ್ಮ ಮುಟ್ಟಬೇಡ ಅಂದಿದ್ದಳು, ಅವಳು ಮುಟ್ಟುವುದಿಲ್ಲ. ಇನ್ನೊಮ್ಮೆ ಕರೆದರೆ ಅದು ಊಟಕ್ಕೆ ಕರೆದಂತಾಗದೆ, ನನ್ನನ್ನು ಕ್ಷಮಿಸು ಅಂತ ಹತ್ತು ವರ್ಷದ ಮಗುವನ್ನು ಪೀಡಿಸಿದಂತಾಗುತ್ತದೆ. ಅವನು ಮೇಜಿಗೆ ವಾಪಸು ಬಂದ. ಸಿಗ್ನೆ ಹಿಂದೆಯೇ ಬಂದು ಕುರ್ಚಿ ಎಳೆದಳು, ಕೂರಲಿಲ್ಲ. ನಾಲ್ಕನೆಯ ತಟ್ಟೆ ನೋಡಿದಳು, ಅಪ್ಪನನ್ನು ನೋಡಿದಳು. ತನ್ನ ತಟ್ಟೆಗೆ ಆಲೂಗಡ್ಡೆ, ಮಾಂಸದುಂಡೆ ರಾಶಿ ಬಡಿಸಿಕೊಂಡಳು, ಒಬ್ಬರು ತಿನ್ನುವುದಕ್ಕಿಂತ ಜಾಸ್ತಿ. ಫೋರ್ಕು ಎರಡು ತೆಗೆದುಕೊಂಡಳು.

"ತಟ್ಟೆ ರೂಮಿಗೆ ಒಯ್ಯಬಾರದು ಅಂತ..." ಅಂತ ಅವನ ಬಾಯಿ ತಾನಾಗಿ ಶುರುಮಾಡಿತು.

"ಸ್ಟಫಾನ್," ಅಂದಳು ಆನೆಲಿ.

ಅವನು ಬಾಯಿ ಮುಚ್ಚಿದ. ಸಿಗ್ನೆ ಎರಡೂ ಕೈಯಲ್ಲಿ ತಟ್ಟೆ ಹಿಡಿದು, ಗೊಜ್ಜು ಚೆಲ್ಲದ ಹಾಗೆ ಹೆಜ್ಜೆಯಿಟ್ಟು, ಒಳಗೆ ಹೋದಳು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದ ಸದ್ದು, ನಿನ್ನ ಬ್ರೆಡ್ಡು ನನಗೆ ಕೊಡು ಅಂತ ಸಿಗ್ನೆ, ಒಂದು ಕಿಲಕಿಲ ನಗು. ಸ್ಟಫಾನ್ ಕುರ್ಚಿಯಿಂದ ಯಾವಾಗ ಎದ್ದನೋ ಅವನಿಗೇ ತಿಳಿಯಲಿಲ್ಲ. ಬಾಗಿಲ ಹತ್ತಿರ ಬಂದು ನಿಂತಿದ್ದ. ಒಳಗೆ ಹೋಗುವುದಕ್ಕೆ ಅವನಿಗೆ ಏನೂ ಅಡ್ಡಿಯಿರಲಿಲ್ಲ, ಅವನದೇ ಮನೆ, ಅವನೇ ಬಣ್ಣ ಹಚ್ಚಿದ ಬಾಗಿಲು. ನೆಲದ ಮೇಲೆ ಎರಡು ತಲೆ ಒಂದೇ ತಟ್ಟೆಗೆ ಬಾಗಿದ್ದವು. ಲೋವಿಸಾ ಮಾಂಸದುಂಡೆಯೊಂದನ್ನು ಫೋರ್ಕಿಗೆ ಚುಚ್ಚಿಕೊಂಡಿದ್ದಳು. ಅವನನ್ನು ಕಂಡು ಅದನ್ನು ಹಾಗೇ ತಟ್ಟೆಗೆ ಇಳಿಸಿದಳು.

ಸಿಗ್ನೆ ತಲೆಯೆತ್ತಿದಳು.

"ಅಪ್ಪಾ, ಬಾಗಿಲು ಹಾಕ್ತೀಯಾ?" ಅಂದಳು. "ನಾವು ಊಟ ಮಾಡ್ತಿದೀವಿ."

ಅವನು ಬಾಗಿಲು ಹಾಕಿದ. ಈಚೆ ಕಡೆ, ಹಿಡಿಕೆಯ ಮೇಲೆ ಕೈಯಿಟ್ಟುಕೊಂಡು ನಿಂತ. ಒಳಗೆ ಫೋರ್ಕು ತಟ್ಟೆಗೆ ತಗಲುವ ಸದ್ದು ಮತ್ತೆ ಶುರುವಾಯಿತು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ ಅವನು, ಹೊಟ್ಟೆ ತುಂಬ ಹಸಿದಿತ್ತು.